ಎಲೆ ಒರೆಸುತ್ತಿದ್ದವರು

ಬೀಳ್ಕೊಡುಗೆಯ ದಿನ ವೇದಿಕೆಯ ಪಕ್ಕದಲ್ಲಿ ಒಂದು ಕ್ರೋಟನ್ ಗಿಡದ ಕುಂಡ ಇಟ್ಟಿದ್ದರು. ಮುಖ್ಯ ಅಧಿಕಾರಿಗಳು ಮೈಕಿನ ಮುಂದೆ ನಿಂತು, ನಿವೃತ್ತರಾಗುತ್ತಿದ್ದ ನನ್ನ ಹಿರಿಯ ಸಹೋದ್ಯೋಗಿಯ ಸಮಯಪಾಲನೆಯನ್ನು ಹೊಗಳುತ್ತಿದ್ದರು. ಹೊಗಳಿಸಿಕೊಳ್ಳುತ್ತಿದ್ದವರು ಮಾತ್ರ ಕುರ್ಚಿಯಿಂದ ತುಸು ಬಾಗಿ, ಆ ಗಿಡದ ಒಂದು ಎಲೆಯನ್ನು ಮಗುಚಿ ನೋಡಿ, ಕರವಸ್ತ್ರದ ತುದಿಯಿಂದ ಅದರ ಕೆಳಭಾಗ ಒರೆಸಿದರು. ಆಮೇಲೆ ಇನ್ನೊಂದು ಎಲೆ. ಹೆಗಲ ಮೇಲೆ ಹೊದಿಸಿದ್ದ ಶಾಲು ಜಾರುತ್ತಿತ್ತು. ತೊಡೆಯ ಮೇಲಿದ್ದ ತೆಂಗಿನಕಾಯಿ ಉರುಳದಂತೆ ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಯೂ ಬಿಟ್ಟರು.

ನನಗೂ ನಾಲ್ಕು ಮಾತು ಆಡಲು ಹೇಳಿದ್ದರು. ಅದಕ್ಕಾಗಿಯೇ ನಾಸಿಕ್‌ನಿಂದ ಸಂಭಾಜಿನಗರಕ್ಕೆ ಬಂದಿದ್ದೆ. ಸರಳತೆ, ಕರ್ತವ್ಯನಿಷ್ಠೆ, ಕಿರಿಯರ ಮೇಲಿನ ಮಮತೆ ಎಂದೆಲ್ಲ ಹೇಳಿ ಬಂದು ಕುಳಿತೆ. ಅವರು ನನ್ನ ಕಡೆ ವಾಲಿ ಮೆಲ್ಲಗೆ, "ಇಷ್ಟೆಲ್ಲಾ ಒಳ್ಳೇಕಿ ಯಾರವಾ ಆಕಿ? ನನಗೂ ಒಮ್ಮೆ ಭೇಟಿ ಮಾಡ್ಸು" ಎಂದರು.

ವಾಪಸು ಬರುವಾಗ ಬಸ್ಸು ವೈಜಾಪುರದಲ್ಲಿ ಬಹಳ ಹೊತ್ತು ನಿಂತಿತು. ಕಿಟಕಿಯ ಪಕ್ಕ ಕುಳಿತು ನಾನು ಆಡಿದ ಮಾತುಗಳನ್ನು ಮತ್ತೆ ಯೋಚಿಸಿದೆ. ಅವುಗಳಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಅವರೂ ಇರಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗ ನನ್ನ ನೆನಪನ್ನು ನಾನು ಪೂರ್ತಿ ನಂಬುತ್ತಿಲ್ಲ. ಎಷ್ಟೋ ಮಾತುಗಳನ್ನು ಅವರ ಬಾಯಿಂದ ಕೇಳಿದೆನೋ, ಆಮೇಲೆ ನಾನೇ ಅವರ ದನಿಯಲ್ಲಿ ಹೊಂದಿಸಿಕೊಂಡೆನೋ ಬೇರ್ಪಡಿಸಲಾರೆ. ಅನುಮಾನ ಬಂದಲ್ಲಿ ಬಂದಿದೆ ಎಂದು ಹೇಳುತ್ತೇನೆ.

ಧಾರವಾಡದಲ್ಲಿ ಎಂ.ಎ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಸೇರಿ ನಾನು ನಾಸಿಕ್‌ಗೆ ಬಂದಾಗ ಅವರು ನಮ್ಮ ವಿಭಾಗದ ಹಿರಿಯರು. ನನಗೆ ಬಾಡಿಗೆಗೆ ಮನೆ ಹುಡುಕಿಕೊಟ್ಟವರೂ ಅವರೇ, ತಮ್ಮ ಮನೆಯ ಕೆಳಗಿನ ಮಹಡಿಯಲ್ಲಿ. ಮೊದಲ ದಿನ, "ಮರಾಠಿ ಬರ್ತದೇನು?" ಎಂದು ಕೇಳಿದರು.

"ಇಲ್ಲರಿ ಅಕ್ಕಾರ."

"ಕಾಯಿಪಲ್ಯಾ ಮಾರಾಕಿ ಕೂಡ ದಿನಾ ಜಗಳಾ ಮಾಡು. ತಾನ ಬರ್ತದ."

ಅವರಿಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವರು, ಅವರ ತಾಯಿ, ಮತ್ತು ಗುಂಡ್ಯಾ ಎಂಬ ಬೀದಿನಾಯಿ. ಬೀದಿಯದು ಎಂದು ಹೇಳಿದರೆ ಯಾರೂ ನಂಬದಷ್ಟು ದಪ್ಪಗಾಗಿದ್ದ. ಸಂಜೆ ಕಚೇರಿಯಿಂದ ಬಂದ ಅವರು ನೇರವಾಗಿ ಮನೆಯೊಳಗೆ ಹೋಗುತ್ತಿರಲಿಲ್ಲ. ಬೀಗದ ಕೈ ಹಿಡಿದುಕೊಂಡು ನಮ್ಮ ಮಹಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತುಬಿಡುತ್ತಿದ್ದರು. ನಾನು ಚಹಾ ತಂದುಕೊಟ್ಟರೆ ಕುಡಿಯುತ್ತಿದ್ದರು, ತರದಿದ್ದರೆ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಿದ್ದರು. "ಒಳಗ ಹೋದ್ರ ಇನ್ನೊಂದ ಆಫೀಸು" ಎಂದು ಒಮ್ಮೆ ಹೇಳಿದ್ದರು. ದೂರಿನ ದನಿಯಲ್ಲಿ ಅಲ್ಲ. ಹವೆ ಹೇಗಿದೆ ಎಂದು ಹೇಳುವ ಹಾಗೆ.

ನಮ್ಮ ಕಟ್ಟಡದ ಪಕ್ಕದಲ್ಲೇ ಇನ್ನೊಂದು ಕಟ್ಟಡ ಏಳುತ್ತಿತ್ತು. ಅಲ್ಲಿ ಇಟ್ಟಿಗೆ ಹೊರುತ್ತಿದ್ದವರು ವಿಜಯಪುರ, ಯಾದಗಿರಿ ಕಡೆಯ ಹೆಂಗಸರು. ಅವರು ಕಂಪೌಂಡಿನಾಚೆಯಿಂದ "ಬಾಯಾರ, ಈ ಚೀಟ್ಯಾಗ ಏನ ಬರದಾರ ನೋಡ್ರಿ" ಎಂದು ಔಷಧಿ ಚೀಟಿಯನ್ನೋ ಶಾಲೆಯ ಚೀಟಿಯನ್ನೋ ಚಾಚುತ್ತಿದ್ದರು. ಇವರು ಓದಿ ಹೇಳುತ್ತಿದ್ದರು. ಎಷ್ಟು ದಣಿದಿದ್ದರೂ ಎರಡು ಸಲ ಓದುತ್ತಿದ್ದರು, ಎರಡನೆಯ ಸಲ ನಿಧಾನವಾಗಿ. ಅವರ ದಣಿವಿಗೂ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ದಣಿವು ಒಂದು ಕಡೆ ಇರುತ್ತಿತ್ತು, ಕೆಲಸ ಇನ್ನೊಂದು ಕಡೆ ನಡೆಯುತ್ತಿತ್ತು.

ಅವರ ತಾಯಿ ನಿಪ್ಪಾಣಿ ಕಡೆಯವರು. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ತಂಬಾಕಿನ ವಖಾರಿಯಲ್ಲಿ, ಅಂದರೆ ಎಲೆ ವಿಂಗಡಿಸುವ ದೊಡ್ಡ ಉಗ್ರಾಣದಲ್ಲಿ, ಆಯುಷ್ಯದ ಬಹುಪಾಲು ಕೂಲಿ ಮಾಡಿ ಮಗಳನ್ನು ಓದಿಸಿದ್ದರು. ಆ ಧೂಳಿಗೆ ಮೂಗು ಎಂದೋ ಸತ್ತಿತ್ತು. ಸಾರು ಹತ್ತಿದರೂ ವಾಸನೆ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಆದರೂ ತಂಬಾಕಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಸಹಿಸುತ್ತಿರಲಿಲ್ಲ. "ಆ ಎಲಿ ಇಲ್ಲದಿದ್ರ ನನ್ನ ಮಗಳ ಕೈಯಾಗ ಪೆನ್ನ ಎಲ್ಲಿ ಬರತಿತ್ತು?" ಎನ್ನುತ್ತಿದ್ದರು.

ಮಗಳ ಮನೆಯಲ್ಲಿ ಆಯಿಗೆ ಉಳಿದಿದ್ದ ಕೆಲಸ ಒಂದೇ, ಗಿಡಗಳದ್ದು. ಒಲೆಯ ಹತ್ತಿರ ಮಗಳು ಬಿಡುತ್ತಿರಲಿಲ್ಲ, ಕಣ್ಣು ಸಾಲದು ಎಂದು. ಮೆಟ್ಟಿಲು ಇಳಿಯಲು ಮೊಣಕಾಲು ಬಿಡುತ್ತಿರಲಿಲ್ಲ. ಗಿಡಗಳು ಮಾತ್ರ ಅವರವಾಗಿದ್ದವು, ಮತ್ತು ಬಹಳ ಇದ್ದವು. ಅದಕ್ಕೊಂದು ಕಾರಣವಿತ್ತು. ವರ್ಗಾವಣೆಯ ಮೇಲೆ ಬಂದುಹೋಗುವ ನಮ್ಮ ಕನ್ನಡದ ಮನೆಗಳಲ್ಲಿ, ಊರು ಬಿಡುವವರು ತಮ್ಮ ಗಿಡಗಳನ್ನು ಉಳಿಯುವವರಿಗೆ ಕೊಟ್ಟು ಹೋಗುವುದು ರೂಢಿ. ಲಾರಿಯಲ್ಲಿ ಮಂಚ, ಕಪಾಟು ಹೋಗುತ್ತವೆ, ಕುಂಡಗಳು ಹೋಗುವುದಿಲ್ಲ. ಇವರು ನಾಸಿಕ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಉಳಿದದ್ದರಿಂದ ಹೋದವರೆಲ್ಲರ ಗಿಡಗಳು ಇವರ ಪಡಸಾಲೆ, ಬಾಲ್ಕನಿ ಸೇರಿದ್ದವು. ಆಯಿ ಅವನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. "ಬೀದರದವ್ರ ಮನಿ ಪ್ಲಾಂಟಿಗೆ ನೀರ ಹಾಕೀನಿ, ಗದಗಿನವ್ರ ಕ್ರೋಟನ್ ಬಾಡೈತಿ" ಎಂಬಂಥ ಮಾತು ಕೇಳಿದರೆ ಯಾವುದೋ ದೊಡ್ಡ ಕುಟುಂಬದ ಯೋಗಕ್ಷೇಮ ಕೇಳಿದಂತಾಗುತ್ತಿತ್ತು.

ಬಿಳಿ ಹುಳ ಬಂದದ್ದು ಬಳ್ಳಾರಿಯವರ ದಾಸವಾಳದ ಜೊತೆ. ಹತ್ತಿ ಅಂಟಿಸಿದಂತೆ ಎಲೆಯ ಕೆಳಗೆ, ಕಾಂಡದ ಸಂದಿಯಲ್ಲಿ ಗುಂಪು ಕಟ್ಟುವ ಹುಳ. ಪುಸ್ತಕದಲ್ಲಿ ಅದಕ್ಕೆ ಹಿಟ್ಟು ತಿಗಣೆ ಎನ್ನುತ್ತಾರೆ. ಹೊಸ ಗಿಡವನ್ನು ಕೆಲವು ವಾರ ಬೇರೆ ಇಡಬೇಕು ಎಂಬುದು ಮಗಳಿಗೆ ಗೊತ್ತಿತ್ತು. ಆದರೆ ಆಯಿ, "ಕಣ್ಣೀರ ಹಾಕ್ಕೋಂತ ಕೊಟ್ಟ ಹೋದವ್ರ ಗಿಡಾ, ಮೂಲ್ಯಾಗ ಇಡ್ತಾರೇನ?" ಎಂದು ಅದನ್ನು ಎಲ್ಲದರ ನಡುವೆ ಇಟ್ಟುಬಿಟ್ಟರು. ಸ್ವಲ್ಪ ದಿನಗಳಲ್ಲಿ ಬೀದರಿಗೂ ಹುಳ, ಗದಗಿಗೂ ಹುಳ.

ಕಚೇರಿಯಲ್ಲಿ ಈ ವಿಷಯ ಗೊತ್ತಾಗಿ ಎಲ್ಲರೂ ಸಲಹೆಗೆ ನಿಂತರು. ನಮ್ಮ ಕಚೇರಿಯ ಅರ್ಧ ಜನರ ಮನೆಯಲ್ಲಿ ದ್ರಾಕ್ಷಿ ತೋಟ. ಒಬ್ಬರು ತೋಟಕ್ಕೆ ಹೊಡೆಯುವ ಔಷಧಿಯನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತಂದೇ ಬಿಟ್ಟರು. "ಮ್ಯಾಡಂ, ಏಕ್ ಫವಾರಣಿ, ಸಗಳಂ ಸಾಫ್" ಎಂದರು, ಒಂದು ಸಲ ಸಿಂಪಡಿಸಿದರೆ ಸಾಕೆಂದು.

"ಸಗಳಂ ಅಂದ್ರ ಎಲ್ಲಾನೂ ಸಾಫ್. ನಮ್ಮ ಮನ್ಯಾಗ ನೆಲಾ ನೆಕ್ಕೋವ ಒಬ್ಬ ಅದಾನ್ರಿ" ಎಂದು ಇವರು ಬಾಟಲಿಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟರು. ಆಮೇಲೆ ಅದರ ಮೇಲೆ ದೊಡ್ಡ ಅಕ್ಷರದಲ್ಲಿ ವಿಷ ಎಂದು ಬರೆಯುವವರೆಗೆ ಅವರನ್ನು ಜಾಗದಿಂದ ಏಳಲು ಬಿಡಲಿಲ್ಲ.

ಮನೆಯಲ್ಲಿ ಆಯಿ ಈ ಸಲಹೆಗಳಿಗೆ ಕಾದಿರಲಿಲ್ಲ. ಊರಿಂದ ಬಂದ ಸಂಬಂಧಿಕರ ಕೈಯಲ್ಲಿ ತಂಬಾಕಿನ ಎಲೆ ತರಿಸಿಕೊಂಡಿದ್ದರು. ಅರಿವೆಯಲ್ಲಿ ಕಟ್ಟಿ ಬಕೆಟ್ಟಿನ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಗಿಡಗಳಿಗೆ ಚಿಮುಕಿಸುವುದು. ಅವರ ಕಡೆ ಎಲ್ಲರೂ ಹಾಗೆಯೇ ಮಾಡುತ್ತಾರಂತೆ. ಮಗಳೂ ತಡೆಯಲಿಲ್ಲ. ಅಂಗಡಿಯ ಔಷಧಿ ಅಲ್ಲವಲ್ಲ, ಎಲೆಯ ನೀರು, ಮನೆಮದ್ದು ಎಂದು ಅವರಿಗೂ ಅನಿಸಿತ್ತು. ನಿಪ್ಪಾಣಿಯಲ್ಲಿ ಬೆಳೆದವರಿಗೆ ತಂಬಾಕು ವಿಷವೆಂದು ತೋರುವುದು ಕಷ್ಟವಿರಬೇಕು. ಬೇಳೆ, ಬೆಲ್ಲದ ಹಾಗೆ ಅದೂ ಒಂದು.

ಭಾನುವಾರ ಮಧ್ಯಾಹ್ನ ಮೇಲಿನಿಂದ ಅವರು ನನ್ನ ಹೆಸರು ಹಿಡಿದು ಕೂಗಿದರು. ಹೋಗಿ ನೋಡಿದರೆ ಗುಂಡ್ಯಾ ನೆಲದ ಮೇಲೆ ಬಿದ್ದಿದ್ದ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ವಾಂತಿ ಮಾಡಿಕೊಂಡಿದ್ದ, ಕಾಲುಗಳು ತಾವಾಗಿ ನಡುಗುತ್ತಿದ್ದವು. ಚಾದರದಲ್ಲಿ ಸುತ್ತಿ ರಿಕ್ಷಾದಲ್ಲಿ ಹಾಕಿಕೊಂಡು ಪ್ರಾಣಿಗಳ ಡಾಕ್ಟರ ಮನೆಗೇ ಓಡಿದೆವು.

ಡಾಕ್ಟರು ಸೂಜಿ ಹಾಕುತ್ತಲೇ, "ಕಾಯ್ ಖಾಲ್ಲಂ? ಏನ್ ತಿಂದಿದ್ದಾನೆ?" ಎಂದು ಕೇಳಿದರು. ಅಲ್ಲಿನ ಮಾತೆಲ್ಲ ಮರಾಠಿಯಲ್ಲೇ ನಡೆಯಿತು.

"ಏನೂ ಇಲ್ಲ. ಮನೆಯಲ್ಲೇ ಇದ್ದ" ಎಂದರು ಇವರು.

"ಮನೆಯಲ್ಲೇ ಏನಿತ್ತು?"

ಗುಂಡ್ಯಾನ ತಲೆ ಹಿಡಿದುಕೊಂಡಿದ್ದ ಅವರ ಮುಖದಲ್ಲಿ ಏನೋ ನಿಧಾನವಾಗಿ ತಿಳಿಯಾಗುತ್ತಿದ್ದುದನ್ನು ನಾನು ಕಂಡೆ. ಅಥವಾ ಈಗ ಹಾಗೆ ಕಾಣುತ್ತಿದೆ. ಆಮೇಲೆ ಹೇಳಿದರು. ಗಿಡಗಳಿಗೆ ತಂಬಾಕಿನ ನೀರು ಹಾಕುತ್ತೇವೆ. ಕುಂಡದ ಕೆಳಗಿನ ತಟ್ಟೆಯಲ್ಲಿ ಅದು ನಿಲ್ಲುತ್ತದೆ. ಅವನು ಅಲ್ಲಿಂದ ಕುಡಿಯುತ್ತಾನೆ.

ಡಾಕ್ಟರು ಬೈಯಲಿಲ್ಲ. ಇಂಥವು ಅವರಿಗೆ ಹೊಸದಲ್ಲ. ಬೇಗ ತಂದಿದ್ದಕ್ಕೆ ಬದುಕಬಹುದು, ಮತ್ತೊಮ್ಮೆ ಹೀಗಾದರೆ ಹೇಳಲಾರೆ ಎಂದರು. ಚಾಂದವಡ್‌ನ ಸಹೋದ್ಯೋಗಿಯೊಬ್ಬರು ಈರುಳ್ಳಿ, ಬೆಳ್ಳುಳ್ಳಿ ಅರೆದು ಹೊಡೆಯಲು ಹೇಳಿದ್ದರಲ್ಲ ಎಂದು ನಾನು ಕೇಳಿದೆ. ಅದೂ ಬೇಡ, ನಾಯಿ ಬೆಕ್ಕಿನ ರಕ್ತಕ್ಕೆ ಅದೂ ಕೆಟ್ಟದ್ದು ಎಂದರು. "ಮನೆಯ ಮದ್ದು ಅಂದರೆ ಸಾಧು ಅಂತ ತಿಳೀಬೇಡಿ. ಕೈಯಿಂದ ತೆಗೀರಿ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಹುಳದ ಮೇಲಿಡಿ, ಒರೆಸಿ. ಮೆತ್ತನೆ ಸಾಬೂನಿನ ತೆಳು ನೀರಲ್ಲಿ ಎಲೆ ತೊಳೆದು, ಮತ್ತೆ ಬರಿ ನೀರಲ್ಲಿ ತೊಳೀರಿ. ಒಣಗೋವರೆಗೆ ಇವನನ್ನ ದೂರ ಇಡಿ. ತಟ್ಟೆಯಲ್ಲಿ ನೀರು ನಿಲ್ಲಬಾರದು. ಇಷ್ಟಕ್ಕೂ ಹೋಗದ ಗಿಡವನ್ನ ಬಿಸಾಕಿ."

"ಇಷ್ಟು ಗಿಡಗಳನ್ನ? ಕೈಯಿಂದ?"

"ಬೇರೆ ದಾರಿ ಸುಲಭದ್ದು ಇದೆ. ಸುರಕ್ಷಿತದ್ದು ಇಲ್ಲ."

ಗುಂಡ್ಯಾ ಉಳಿದ. ಸಂಜೆ ಅವನನ್ನು ಎತ್ತಿಕೊಂಡು ಬಂದಾಗ ಆಯಿ ಬಾಗಿಲಲ್ಲೇ ನಿಂತಿದ್ದರು. "ಏನಂದ್ರ ಡಾಕ್ಟರ್?"

"ಹೊರಗ ಏನೋ ತಿಂದಾನಂತವಾ" ಎಂದರು ಮಗಳು.

ನಾನು ಅವರ ಮುಖ ನೋಡಿದೆ. ಅವರು ನೋಡಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕುಳಿತಾಗ ತಾವಾಗಿಯೇ ಹೇಳಿದರು. "ಆಕಿಗೆ ಉಳದಿದ್ದು ಇದೊಂದ ಕೆಲಸಾ. ಅದೂ ಆ ಎಲಿಯಿಂದ. ನಿನ್ನ ಎಲಿ ವಿಷಾ, ಇನ್ನ ಗಿಡಾ ಮುಟ್ಟಬ್ಯಾಡ ಅಂತ ಹೆಂಗ ಹೇಳ್ಲಿ? ಹೇಳಿದ್ರ ಆಕಿ ಇಡೀ ದಿನಾ ಏನ ಮಾಡ್ಬೇಕು, ಗ್ವಾಡಿ ನೋಡ್ಕೋತ ಕೂಡ್ಬೇಕೇನು?"

ನಾನು ಚಹಾ ತರಲು ಎದ್ದು ಒಳಗೆ ಹೋದೆ.

ಅಂದಿನಿಂದ ಅವರು ಹೊಸದೊಂದು ಪದ್ಧತಿ ಶುರುಮಾಡಿದರು. ಆಯಿ ಎಂದಿನಂತೆ ಎಲೆ ಕಟ್ಟಿ ನೆನೆಹಾಕುತ್ತಿದ್ದರು. ಬಕೆಟ್ಟು ಬಚ್ಚಲಲ್ಲಿ, ಬಾಗಿಲು ಹಾಕಿ. ಗಂಟು ಹಿಂಡುವ ಶಕ್ತಿ ಆಯಿಯ ಕೈಯಲ್ಲಿರಲಿಲ್ಲ, ಅದು ಮೊದಲಿನಿಂದಲೂ ಮಗಳ ಕೆಲಸ. ಬೆಳಿಗ್ಗೆ ಅವರು ಆ ನೀರನ್ನು ಸಂಡಾಸಿಗೆ ಸುರಿದು, ಗಂಟನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಸಕ್ಕೆ ಹಾಕಿ, ಬಕೆಟ್ಟು ತಿಕ್ಕಿ ತೊಳೆದು, ಅದರಲ್ಲಿ ತೆಳ್ಳಗಿನ ಚಹಾ ನೀರು ತುಂಬಿ ತರುತ್ತಿದ್ದರು. ಬಣ್ಣ ಹೆಚ್ಚುಕಡಿಮೆ ಅದೇ. ಮೂಗಿಲ್ಲದ, ಕಣ್ಣು ಮಂಜಾದ ಆಯಿ ಅದನ್ನು ಬೆರಳ ತುದಿಯಿಂದ ಒಂದೊಂದು ಗಿಡಕ್ಕೂ ಚಿಮುಕಿಸುತ್ತಿದ್ದರು.

ಚಹಾ ನೀರಿಗೆ ಹುಳ ಸಾಯುವುದಿಲ್ಲ. ಹಾಗಾಗಿ ಆಯಿ ಏಳುವ ಮೊದಲು ಮಗಳೇ ಹುಳ ತೆಗೆಯಬೇಕಾಗಿತ್ತು. ಬೆಳಗಿನ ಜಾವ ಗುಂಡ್ಯಾನನ್ನು ಅಡುಗೆಮನೆಗೆ ಕೂಡಿಹಾಕಿ, ಒಂದು ಬಟ್ಟಲಲ್ಲಿ ಸಾಬೂನಿನ ನೀರು, ಇನ್ನೊಂದರಲ್ಲಿ ಬರಿ ನೀರು, ಹತ್ತಿ, ಸ್ಪಿರಿಟ್ಟಿನ ಸಣ್ಣ ಸೀಸೆ. ಒಮ್ಮೆ ನಾನೂ ಹೋಗಿದ್ದೆ. ನಾನು ಎಲೆಗಳನ್ನು ಮೇಲಿಂದ ನೋಡಿ ಸ್ವಚ್ಛವಾಗಿವೆ ಎಂದೆ. "ಮ್ಯಾಲ ಎಲ್ಲಾನೂ ಸ್ವಚ್ಛನ ಇರ್ತಾವ ತಂಗಿ" ಎಂದು ಅವರು ಒಂದನ್ನು ಮಗುಚಿ ತೋರಿಸಿದರು. ಒಂದು ಕ್ರೋಟನ್ ಮುಗಿಸುವಷ್ಟರಲ್ಲಿ ನನ್ನ ಬೆನ್ನು ಸೋತಿತು. ಅವರು ಮೂರನೆಯದನ್ನು ಹಿಡಿದಿದ್ದರು. ಇದರಲ್ಲಿ ಗೆಲುವು ಎಂಬುದು ಇಲ್ಲ. ಇವತ್ತು ಒರೆಸಿದ್ದು ವಾರದಲ್ಲಿ ಮತ್ತೆ ಕಾಣಿಸುತ್ತದೆ. "ಸಾಕಾಗಂಗಿಲ್ಲೇನ್ರಿ ಅಕ್ಕಾರ?" ಎಂದು ಕೇಳಿದೆ. "ಸಾಕಾಗೇದ" ಎಂದರು. ಒರೆಸುತ್ತಲೇ ಇದ್ದರು.

ಗಿಡಗಳು ಚೇತರಿಸಿಕೊಂಡವು. ಆಯಿಯೂ. ಬಂದವರಿಗೆಲ್ಲ ತಮ್ಮ ನೀರಿನ ಮಹಿಮೆ ಹೇಳುತ್ತಿದ್ದರು. "ಔಷಧಿ ಗಿವಷಧಿ ಏನೂ ಬ್ಯಾಡ, ನಮ್ಮ ನಿಪ್ಪಾಣಿ ಎಲಿ ನೋಡ್ರಿ." ಮಗಳು ಒಳಗೆ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದರು.

ಹೀಗೆ ಎಷ್ಟು ಕಾಲ ನಡೆಯಿತೋ. ವರ್ಷಕ್ಕಿಂತ ಹೆಚ್ಚು ಎಂದು ನನ್ನ ಅಂದಾಜು. ಆಮೇಲೆ ಸಂಭಾಜಿನಗರಕ್ಕೆ ಅವರ ವರ್ಗಾವಣೆಯ ಆದೇಶ ಬಂತು. ಈಗ ಅವರ ಸರದಿ, ಗಿಡ ಕೊಟ್ಟುಹೋಗುವುದು. ಹೊರಡುವ ಮೊದಲಿನ ಭಾನುವಾರ ಕನ್ನಡದ ಮನೆಗಳವರನ್ನೆಲ್ಲ ಕರೆದಿದ್ದರು. ಅವಲಕ್ಕಿ, ಚಹಾ ಆಯಿತು. ಪಡಸಾಲೆಯಲ್ಲಿ ಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ಪ್ರತಿಯೊಂದರ ಕಾಂಡಕ್ಕೂ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಸಣ್ಣ ಗಂಟು ತೂಗುತ್ತಿತ್ತು. ಮಧ್ಯಾಹ್ನ ಮಗಳು ಲಾರಿಯವರ ಜೊತೆ ಮಾತಾಡಲು ಹೋಗಿದ್ದಾಗ ಆಯಿ ಕೂತು ಕಟ್ಟಿದ್ದು. ಗಿಡದ ಜೊತೆಗೆ ಗಿಡದ ಮದ್ದು.

ಗಂಟುಗಳನ್ನು ನೋಡಿದ ಮಗಳು ನನ್ನನ್ನು ಅಡುಗೆಮನೆಗೆ ಕರೆದರು. "ಆಮ್ಯಾಲ ಒಬ್ಬೊಬ್ಬರ ಮನೀಗೆ ಹೋಗಿ ಹೇಳಿ ಬರೋಣು?" ಎಂದರು. ದನಿ ಬಹಳ ಸಣ್ಣದಾಗಿತ್ತು. ಆದರೆ ಬಂದವರಲ್ಲಿ ಒಬ್ಬರು ದೂರದ ಚಾಂದವಡ್‌ನಲ್ಲಿರುವವರು, ಸಂಜೆಯೇ ಹೊರಡುವವರು. ಇನ್ನೊಬ್ಬರ ಮನೆ ಊರಿನ ಆ ತುದಿಗೆ. ನಾವು ಹೀಗೆ ಲೆಕ್ಕ ಹಾಕುತ್ತಿರುವಾಗ ಹೊರಗಿನಿಂದ ನಗು ಕೇಳಿಸಿತು. ಗದಗಿನಿಂದ ಹೊಸದಾಗಿ ಬಂದಿದ್ದ ಬ್ಯಾಂಕಿನವರ ಹೆಂಡತಿ ಹೇಳುತ್ತಿದ್ದಳು: "ಗಿಡಾ ಉಳದ್ರ ಸಾಕ್ರಿ ಆಯಿ. ನಮ್ಮ ಬೆಕ್ಕಿಗೆ ಎಲಿ ಅಂದ್ರ ಭಾಳ ಪ್ರೀತಿ, ಎಲ್ಲಾ ಕಡದ ಹಾಕ್ತದ. ಈ ತಂಬಾಕ ಎಷ್ಟೊತ್ತು ನೆನಿ ಹಾಕ್ಬೇಕ್ರಿ?"

"ರಾತ್ರಿ ಪೂರಾ" ಎಂದರು ಆಯಿ. "ಬೆಳಿಗ್ಗೆ ಎಲಿ ತೊಯ್ಯೂ ಹಂಗ ಹಾಕು. ಹುಳದ ಅಪ್ಪನೂ ಉಳಿಯೂದಿಲ್ಲ."

ಮಗಳು ಪಡಸಾಲೆಗೆ ಹೋದರು. ನಾನು ಹಿಂದೆಯೇ ಹೋದೆ.

"ಅವ್ವಾ, ಅದನ್ನ ಕೊಡಬ್ಯಾಡ."

"ಯಾಕ?"

"ಅದು ವಿಷಾ. ಅವರ ಮನ್ಯಾಗ ಬೆಕ್ಕ ಅದ."

ಆಯಿ ನಕ್ಕರು. "ಹುಚ್ಚಿ. ನಮ್ಮ ಮನ್ಯಾಗ ಗುಂಡ್ಯಾ ಇಲ್ಲೇನ? ಅವಂಗೇನ ಆಗೇತಿ?"

"ಅವತ್ತ ಅವಂಗ ಆಗಿದ್ದು ಅದರಿಂದನ."

ಬ್ಯಾಂಕಿನವರು ಕ್ರೋಟನ್ ಕುಂಡವನ್ನು ಆಗಲೇ ಎತ್ತಿಕೊಂಡಿದ್ದರು, ಇಳಿಸುವುದೋ ಬೇಡವೋ ತಿಳಿಯದೆ ಹಾಗೆಯೇ ನಿಂತರು.

"ಮತ್ತ ಇಷ್ಟ ದಿನಾ ನಾ ಹಾಕೇನಲ್ಲ?"

"ನೀ ಹಾಕಿದ್ದು ಚಹಾದ ನೀರವಾ. ನಾ ಬದಲ ಮಾಡತಿದ್ದೆ."

ಆಯಿ ಹತ್ತಿರದ ಎಲೆಯೊಂದನ್ನು ಬೆರಳಲ್ಲಿ ತಡವಿದರು. ಆಮೇಲೆ, "ಹಂಗಾರ ಹುಳಾ ಯಾರ ತಗದ್ರು?" ಎಂದು ಕೇಳಿದರು.

"ನಾನ."

"ದಿನಾ?"

"ದಿನಾ."

ಇಲ್ಲಿ ಆಯಿ ಒಂದು ಮಾತು ಆಡಿದರು. ಅದು ಹೀಗೆಯೇ ಇತ್ತು ಎಂದು ಆಣೆ ಮಾಡಿ ಹೇಳಲಾರೆ, ಆದರೆ ನನ್ನ ಕಿವಿಯಲ್ಲಿ ಉಳಿದಿರುವುದು ಹೀಗೆ: "ಅಂದ್ರ ನನ್ನ ಕೈಯಾಗ ಆಟಿಗಿ ಸಾಮಾನ ಕೊಟ್ಟ ಕುಂಡ್ರಿಸಿದ್ದಿ."

ಆಮೇಲೆ ಅವರು ಒಂದೊಂದೇ ಕುಂಡದ ಹತ್ತಿರ ಹೋಗಿ ತಾವೇ ಕಟ್ಟಿದ ಗಂಟುಗಳನ್ನು ಬಿಚ್ಚಿದರು. ಬಿಗಿಯಾಗಿ ಕಟ್ಟಿದ್ದರು; ಬೇಗ ಬಿಚ್ಚಿಕೊಳ್ಳಲಿಲ್ಲ. ಬ್ಯಾಂಕಿನವರ ಹೆಂಡತಿ ಸಹಾಯಕ್ಕೆ ಬಗ್ಗಿದಾಗ ಕೈಯಿಂದ ದೂರ ಸರಿಸಿದರು. ಎಲ್ಲವನ್ನೂ ಸೆರಗಿನಲ್ಲಿ ಹಾಕಿಕೊಂಡು ಒಳಗೆ ಹೋದರು. ಜನ ಗಿಡಗಳನ್ನು ತೆಗೆದುಕೊಂಡು, ಕ್ಷಮೆ ಕೇಳುವವರಂತೆ ಮೆಲ್ಲಗೆ ಚಪ್ಪಲಿ ಹಾಕಿಕೊಂಡು ಹೊರಟರು. ಮಗಳು ಬಾಗಿಲಲ್ಲಿ ನಿಂತು ಪ್ರತಿಯೊಬ್ಬರಿಗೂ ಹೇಳಿದರು: ಕೆಲವು ವಾರ ಬೇರೆ ಇಡಿ, ಎಲೆಯ ಕೆಳಗೆ ನೋಡಿ, ತಟ್ಟೆಯ ನೀರು ಚೆಲ್ಲಿ. ಎರಡೆರಡು ಸಲ ಹೇಳಿದರು.

ಸಂಭಾಜಿನಗರಕ್ಕೆ ಅವರು ನಾಲ್ಕೈದು ಗಿಡಗಳನ್ನಷ್ಟೇ ಒಯ್ದಿದ್ದರು. ಮಳೆಗಾಲ ಕಳೆದ ಮೇಲೆ ನಾನು ಅಲ್ಲಿಗೆ ಹೋಗಿ ಎರಡು ದಿನ ಇದ್ದೆ. ಅವರ ಮನೆಯ ಮುಂದಿನ ರಸ್ತೆಯಲ್ಲಿ ಊರಾಚೆಯ ಶೇಂದ್ರಾದ ಕಾರ್ಖಾನೆಗಳ ಬಸ್ಸುಗಳು ನಿಲ್ಲುತ್ತವೆ. ಬೆಳಗಾಗುವುದು ಅವುಗಳ ಸದ್ದಿನಿಂದ. ಆಯಿ ಗಿಡಗಳ ಕಡೆ ತಲೆ ಹಾಕುತ್ತಿರಲಿಲ್ಲ. ಬಾಗಿಲ ಹತ್ತಿರ ಕುರ್ಚಿ, ಕುರ್ಚಿಯ ಕೆಳಗೆ ಗುಂಡ್ಯಾ. ಮಗಳು ಬಡಿಸಿದ್ದನ್ನು ಊಟ ಮಾಡುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಜಗಳ ಇರಲಿಲ್ಲ. ಜಗಳವಾದರೂ ಇದ್ದಿದ್ದರೆ ಎಂದು ನನಗೆ ಅನಿಸಿತು. ಯಾವುದಕ್ಕೆ ಹೆದರಿ ಮಗಳು ಅಷ್ಟು ದಿನ ಸುಳ್ಳು ಹೇಳಿದ್ದರೋ ಅದೇ ಆಗಿತ್ತು.

ಮರುದಿನ ಅವರು ಕಚೇರಿಗೆ ಹೋದ ಮೇಲೆ ಆಯಿಯ ಹತ್ತಿರ ಕುಳಿತೆ. ನಾನೇನೂ ಕೇಳಲಿಲ್ಲ. ಆಯಿಯೇ ಗುಂಡ್ಯಾನ ಬೆನ್ನ ಮೇಲೆ ಕೈಯಾಡಿಸುತ್ತ ಶುರುಮಾಡಿದರು.

"ವಖಾರ್ಯಾಗ ನಾವು ಕೂಸಿನ ಒಳಗ ಬಿಡತಿದ್ದಿಲ್ಲ, ಗೊತ್ತೈತೇನ? ಹೊರಗ ಗಿಡದ ಬುಡಕ ಜೋಳಗಿ ಕಟ್ಟತಿದ್ದೆವು. ಈಕಿಗೆ ಹಾಲ ಕುಡಸೂ ಮುಂಚೆ ಮೊಣಕೈತನಕಾ ಸಾಬಣ ಹಚ್ಚಿ ಕೈ ತೊಳಿಯೂದು. ಮೈ ತೊಳಿಯೂದು. ಆ ಎಲಿ ವಿಷಾ ಅಂತ ನನಗ್ಯಾರ ಹೇಳಬೇಕಾಗಿತ್ತು? ಅದರಾಗ ಕೈ ಇಟ್ಟ ಬದುಕೇನಿ. ನಾಯಿ ಕುಡೀತೈತಿ ಅನ್ನೂದು ತಲಿಗೆ ಬರಲಿಲ್ಲ, ಅಷ್ಟ. ಅವತ್ತ ಡಾಕ್ಟರ ಮನಿಂದ ಬಂದಾಗ ಹೇಳಿದ್ರ, ಹೌದಲ್ಲೇ ಅಂತಿದ್ದೆ. ಬಕೆಟ್ಟ ಚೆಲ್ಲತಿದ್ದೆ. ಆಕಿ ಕೂಡ ನಾನೂ ಒರಸತಿದ್ದೆ."

ಗುಂಡ್ಯಾನ ಕಿವಿ ಸವರಿ, "ಹೇಳಿದ್ರ ಮುದುಕಿ ಸತ್ತ ಹೊಕ್ಕಾಳ ಅಂತ ತಿಳಕೊಂಡ್ಳು" ಎಂದರು.

ಸಂಜೆ ಕಚೇರಿಯಿಂದ ಬಂದ ಅವರಿಗೆ ಇದನ್ನು ಹೇಳಿದೆ. ಹೇಳಬೇಕೋ ಬೇಡವೋ ಎಂದು ಇಡೀ ಮಧ್ಯಾಹ್ನ ಯೋಚಿಸಿದ್ದೆ. ಕೈಚೀಲವನ್ನೂ ಕೆಳಗಿಡದೆ ಕೇಳಿದರು. ಆಮೇಲೆ ಚೀಲವನ್ನು ಗೂಟಕ್ಕೆ ಹಾಕಿ ಬಂದು ಕುಳಿತರು.

"ನನಗ ಅವ್ವನ ಕೈ ವಾಸನಿ ನೆನಪದ" ಎಂದರು ಕೊನೆಗೆ. "ಸಣ್ಣಾಕಿದ್ದಾಗಿಂದು. ಸಾಬೂನಿಂದು. ತಂಬಾಕಿಂದಲ್ಲ. ನಾ ಒಮ್ಮೆಯೂ ಯಾಕಂತ ಕೇಳ್ಲಿಲ್ಲ ನೋಡು."

ತಾಯಿಯ ಕೋಣೆಗೆ ಹೋಗಿ ಅವರೇನಾದರೂ ಮಾತಾಡುತ್ತಾರೆ ಎಂದುಕೊಂಡಿದ್ದೆ. ಅಡುಗೆ ಮಾಡಿದರು, ಬಡಿಸಿದರು, ಪಾತ್ರೆ ತೊಳೆದರು.

ಬೆಳಿಗ್ಗೆ ಬಸ್ಸುಗಳ ಸದ್ದಿಗೆ ನನಗೆ ಎಚ್ಚರವಾಯಿತು. ಪಡಸಾಲೆಯಲ್ಲಿ ದೀಪ ಉರಿಯುತ್ತಿತ್ತು. ಗುಂಡ್ಯಾ ಅಡುಗೆಮನೆಯ ಬಾಗಿಲನ್ನು ಒಳಗಿನಿಂದ ಕೆರೆಯುತ್ತಿದ್ದ. ಆಯಿ ಕುರ್ಚಿಯಲ್ಲಿ ಕುಳಿತಿದ್ದರು. ಅವರ ಮುಂದೆ ಸಣ್ಣ ಸ್ಟೂಲಿನ ಮೇಲೆ ಒಂದು ದಾಸವಾಳದ ಕುಂಡ, ಪಕ್ಕದಲ್ಲಿ ಎರಡು ಬಟ್ಟಲು. ಅದನ್ನೆಲ್ಲ ಮಗಳು ತಂದಿಟ್ಟರೋ, ಆಯಿ ಕೇಳಿ ಪಡೆದರೋ ನಾನು ನೋಡಲಿಲ್ಲ. ನಾನು ನೋಡುವಷ್ಟರಲ್ಲಿ ಆಯಿಯ ಬೆರಳುಗಳು ಎಲೆಯ ಕೆಳಗೆ ಹರಿದಾಡುತ್ತಿದ್ದವು. ಕಣ್ಣು ಬೇರೆಲ್ಲೋ ಇತ್ತು. ಕೆಲವು ಹುಳ ಸಿಗುತ್ತಿದ್ದವು, ಕೆಲವು ತಪ್ಪಿಹೋಗುತ್ತಿದ್ದವು. ಸಿಕ್ಕಿದ್ದನ್ನು ಒರೆಸಿ, ಎಲೆಯನ್ನು ಬಿಟ್ಟು, ಮುಂದಿನದಕ್ಕೆ ಹೋಗುತ್ತಿದ್ದರು.

ಮಗಳು ಪಕ್ಕದಲ್ಲಿ ನೆಲದ ಮೇಲೆ ಕುಳಿತು ಇನ್ನೊಂದು ಗಿಡ ಹಿಡಿದಿದ್ದರು. ಆಯಿ ಬಿಟ್ಟ ಎಲೆಯೊಂದರಲ್ಲಿ ಉಳಿದಿದ್ದ ಹುಳವನ್ನು ನೋಡಿದರು. ಕೈ ಚಾಚಿದರು. ಆಯಿಗೆ ಕಾಣುತ್ತಿರಲಿಲ್ಲ; ಒರೆಸಿಬಿಡಬಹುದಿತ್ತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಅವ್ವಾ, ಇಲ್ಲೊಂದು ಬಿಟ್ಟೀದಿ."

"ಎಲ್ಲಿ?" ಎಂದರು ಆಯಿ, ಸಿಡುಕಿನಿಂದ.